ನಲವತ್ತೊಂದು ಶಬ್ದಗಳ ಹಲಗೆ

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲು ಕಲಿಯುವುದು ಕಲ್ಲು ಇಡುವುದನ್ನು. ಬಾಗಿಲಿಗೊಂದು ಕಲ್ಲು, ಒಣಹಾಕಿದ ಸೀರೆಯ ಸೆರಗಿಗೊಂದು ಕಲ್ಲು, ಹಪ್ಪಳದ ಚಾಪೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಗಾಳಿ ಹಗಲೂ ಬೀಸುತ್ತದೆ, ಇರುಳೂ ಬೀಸುತ್ತದೆ. ಆಮೇಲೆ ಕಲಿಯುವುದು ಹೆಬ್ಬೆರಳು ಇಡುವುದನ್ನು. ಅದು ಓಲೆಯ ಸಂಗತಿ. ಹೊರಗಿನವರು ಇಮೇಲು ಅನ್ನುತ್ತಾರೆ, ನಾವು ಓಲೆ ಅನ್ನುತ್ತೇವೆ. ಫೋನಿಗೆ ಓಲೆ ಬಂದರೆ ನಮ್ಮವರು ಅದರ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದೇ ಉಳಿದದ್ದನ್ನು ಓದುತ್ತಾರೆ. ಕೊನೆಯ ಸಾಲನ್ನೂ ಓದಿ ಕೂತಲ್ಲಿಂದ ಎದ್ದರೆ ಮುಗಿಯಿತು, ಓದಿದ್ದೆಲ್ಲ ಮರೆತುಹೋಗುತ್ತದೆ. ಓದಿದವರಿಗೂ ಮರೆಯುತ್ತದೆ, ಪಕ್ಕದಲ್ಲಿ ಕೂತು ಕೇಳಿದವರಿಗೂ ಮರೆಯುತ್ತದೆ, ಎಲ್ಲೋ ದೂರದಲ್ಲಿ ಕೂತು ಬರೆದವರಿಗೂ ಅದೇ ಗಳಿಗೆಗೆ ಮರೆಯುತ್ತದೆ. ಓಲೆ ಬಂದಿತ್ತು ಎಂಬುದಷ್ಟೇ ನೆನಪಿರುತ್ತದೆ. ಓಲೆ ಫೋನಿನಿಂದ ಹೊರಟು ಓಲೆಮನೆಯ ಯಂತ್ರಕ್ಕೆ ಬಂದು ಸೇರುತ್ತದೆ. ಬರುವ ದಾರಿಯಲ್ಲಿ ಯಾರು ಬರೆದದ್ದು, ಯಾರಿಗೆ ಬರೆದದ್ದು, ಯಾವ ದಿನ ಬರೆದದ್ದು ಎಂಬುದೆಲ್ಲ ಬೇವಿನ ಎಲೆಯ ಹಾಗೆ ಉದುರಿಹೋಗಿರುತ್ತದೆ. ಒಳಗಿನ ಮಾತು ಮಾತ್ರ ಉಳಿಯುತ್ತದೆ.

ಹೀಗಾಗಿ ಊರಿನ ತುಂಬ ಕೊನೆಯ ಸಾಲು ಓದದ ಜನ. ದರ್ಜಿ ಫಕೀರಪ್ಪ ತನ್ನ ಅಣ್ಣನ ಓಲೆಯೊಂದನ್ನು ಒಂಬತ್ತು ವರ್ಷದಿಂದ ಹಾಗೇ ಇಟ್ಟುಕೊಂಡಿದ್ದಾನೆ. “ಕೊನೀ ಸಾಲಿನಾಗ ಬೈದಾನೋ ಹರಸ್ಯಾನೋ ಗೊತ್ತಿಲ್ಲ, ಉಳಿದದ್ದಾದರೂ ನನ್ನ ಹಂತ್ಯಾಕ ಐತಲ್ಲ” ಅನ್ನುತ್ತಾನೆ. ಅನ್ನುತ್ತಾ ಅನ್ನುತ್ತಾ ಎದ್ದು ಅಂಗಳಕ್ಕೆ ಹೋಗುತ್ತಾನೆ, ಮತ್ತೆ ಬಂದು ಕೂರುತ್ತಾನೆ, ಮತ್ತೆ ಏಳುತ್ತಾನೆ. ನಮ್ಮವರು ಯಾರೂ ಒಂದು ಕಡೆ ಕಾಲೂರಿ ಕೂತವರಲ್ಲ. ಪರಸ್ಥಳದವರು ಅದಕ್ಕೆ ಗಾಳಿ ಕಾರಣ ಅಂದುಕೊಳ್ಳುತ್ತಾರೆ.

ಕೊನೆಯವರೆಗೂ ಓದುವ ಧೈರ್ಯದವರು, ಇಲ್ಲವೇ ಓದದೆ ಇರಲಾರದವರು, ಏಳುವ ಮೊದಲು ಓಲೆಯಿಂದ ಒಂದು ಶಬ್ದವನ್ನು ಆರಿಸಿಕೊಳ್ಳುತ್ತಾರೆ. ಆ ಒಂದು ಶಬ್ದ ಇನ್ನೊಬ್ಬರಿಗೆ ಹೇಳುವವರೆಗೆ ಮರೆಯುವುದಿಲ್ಲ. ಅದನ್ನು ಬೇರೆ ಮನೆಯವರೊಬ್ಬರ ಕಿವಿಯಲ್ಲಿ ಹೇಳಿ ಇಡುತ್ತಾರೆ. ಇದಕ್ಕೆ ನಾವು ಮಾತು ಇಡುವುದು ಅನ್ನುತ್ತೇವೆ. ಬರೆದವರೂ ಹೀಗೇ ಒಂದು ಶಬ್ದ ಇಟ್ಟಿರುತ್ತಾರೆ. ಇಟ್ಟ ಮಾತನ್ನು ಬಾಯಲ್ಲೇ ಕೊಡಬೇಕು, ಬಾಯಲ್ಲೇ ಪಡೆಯಬೇಕು, ಎಲ್ಲೂ ಬರೆಯುವಂತಿಲ್ಲ. ಮುಂದೆ ಎಂದಾದರೂ ಆ ಓಲೆ ಬೇಕಾದರೆ ಶಬ್ದ ಕಾದವರಿಂದ ಅದನ್ನು ಕೇಳಿಕೊಂಡು ಓಲೆಮನೆಗೆ, ನನ್ನ ಹತ್ತಿರ, ಬರುತ್ತಾರೆ.

ನಾನು ಗುರುಪಾದಯ್ಯ. ಮೂವತ್ತೆರಡು ವರ್ಷದಿಂದ ಓಲೆಮನೆಯ ಯಂತ್ರ ನೋಡಿಕೊಳ್ಳುವವನು. ಅದರ ಪರದೆ ಕಪ್ಪು, ಅಕ್ಷರ ಹಸಿರು. ಚಿತ್ರವಿಲ್ಲ, ಬಣ್ಣವಿಲ್ಲ, ಬೆರಳಿನಿಂದ ಮುಟ್ಟಿ ಸರಿಸುವಂಥದ್ದೇನೂ ಇಲ್ಲ. ಒಂದು ಚಿಕ್ಕ ಗೆರೆ ಮಿಣುಕುತ್ತಾ ಅಪ್ಪಣೆಗೆ ಕಾಯುತ್ತದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಯಂತ್ರದ ಪಕ್ಕದ ಗೂಡಿನಲ್ಲಿ ದೀಪ ಹಚ್ಚಿ ಕೂರುತ್ತೇನೆ. ‘ಹುಡುಕು’ ಎಂದು ಒತ್ತಿ, ಪಕ್ಕದಲ್ಲಿ ಅವರು ತಂದ ಶಬ್ದ ಒತ್ತಿ, ಅಪ್ಪಣೆ ಕೊಡುತ್ತೇನೆ. ಆ ಶಬ್ದವಿರುವ ಓಲೆಗಳ ಮೊದಲ ಸಾಲುಗಳು ಒಂದರ ಕೆಳಗೊಂದು ಇಳಿದು ಬರುತ್ತವೆ. ಸಿಗದಿದ್ದರೆ ಯಂತ್ರ ಇಲ್ಲ ಎಂದೂ ಹೇಳುವುದಿಲ್ಲ. ಗೆರೆ ಸುಮ್ಮನೆ ಕೆಳಗಿನ ಸಾಲಿಗೆ ಇಳಿದು ಮಿಣುಕುತ್ತದೆ. ಶಿವನ ಮುಂದೆ ಕೂತು ಬೇಡಿಕೊಂಡವರಿಗೆ ಈ ಮೌನ ಹೊಸದಲ್ಲ.

ಕೇಳಿದಾಗಲೆಲ್ಲ ಯಂತ್ರ ಆರು ಲಕ್ಷ ಓಲೆಗಳನ್ನೂ ಓದುತ್ತಾ ಕೂರುವುದಿಲ್ಲ. ಯಾವ ಶಬ್ದ ಯಾವ ಯಾವ ಓಲೆಯಲ್ಲಿದೆ ಎಂದು ಮೊದಲೇ ಓದಿಸಿ ಬರೆಸಿಟ್ಟಿರುತ್ತೇನೆ. ಅದಕ್ಕೆ ಪದಸೂಚಿ ಎಂದು ಹೆಸರು. ವರ್ಷಕ್ಕೊಮ್ಮೆ ಅದನ್ನು ಮೊದಲಿನಿಂದ ಹೊಸದಾಗಿ ಮಾಡಿಸಬೇಕು. ಮೊದಲೆಲ್ಲ ಆ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ನನಗೊಂದು ಬುದ್ಧಿ ಹೊಳೆಯಿತು. ಎಲ್ಲ ಓಲೆಯಲ್ಲೂ ಇರುವ ಶಬ್ದಗಳಿಂದ ಯಾರಿಗೇನು ಉಪಯೋಗ? ಗಾಳಿ ಎಂದು ಕೇಳಿದರೆ ಅರ್ಧ ಊರಿನ ಓಲೆ ಎದ್ದು ಬರುತ್ತದೆ. ಅಂಥ ನಲವತ್ತೊಂದು ಶಬ್ದ ಪಟ್ಟಿ ಮಾಡಿ, ಇವನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳಿಬಿಟ್ಟೆ. ಮೂರು ದಿನದ ಕೆಲಸ ಒಂದು ಹೊತ್ತಿನಲ್ಲಿ ಮುಗಿಯಿತು. ‘ಈ ಶಬ್ದಗಳನ್ನು ಇಡಬೇಡಿ’ ಎಂದು ಹಲಗೆ ಬರೆಸಿ ಓಲೆಮನೆಯ ಗೋಡೆಗೆ ತೂಗುಹಾಕಿದೆ. ಊರ ಹಿರಿಯರು ಶಾಲು ಹೊದಿಸಿದರು. ಆ ಶಾಲು ಈಗಲೂ ಇದೆ. ಅದರ ಮೇಲೂ ಒಂದು ಕಲ್ಲು ಇಟ್ಟಿದ್ದೇನೆ.

ಒಂದು ಸೋಮವಾರ ಕೌದಿ ಹೊಲಿಯುವ ಹೊನ್ನವ್ವ ಬಂದಳು. ಕಂಕುಳಲ್ಲಿ ಅರ್ಧ ಹೊಲಿದ ಕೌದಿ, ಕೈಯಲ್ಲಿ ಎಂಟು ವರ್ಷದ ಕುಸುಮಿ.

“ಕಾಕಾರ, ಒಂದು ಓಲಿ ಹುಡುಕಿ ಕೊಡ್ರಿ.”

“ಶಬ್ದ ತಂದೀ ಏನವಾ?”

“ತಂದೀನ್ರಿ.” ಹುಡುಗಿಯ ಕಡೆ ತಿರುಗಿದಳು. “ಕುಸುಮೀ, ಹೊರಗ ಕಟ್ಟಿ ಮ್ಯಾಲ ಕುಂಡ್ರು, ಹೋಗು.”

“ಯಾಕಬೇ ಅವ್ವಾ? ನಾನೂ ನೋಡತೀನಿ.”

“ಬಾಗಿಲಿನ ಕಲ್ಲು ಸರದೈತಿ, ಕಾಯಬೇಕು. ಹೋಗು.”

ಹುಡುಗಿ ಹೋಗಿ ಕಲ್ಲಿನ ಮೇಲೇ ಕೂತಿತು. ಹೊನ್ನವ್ವ ಫೋನು ತೆಗೆದು, ಕೊನೆಯ ಸಾಲಿಗೆ ಹೆಬ್ಬೆರಳಿಟ್ಟು ನನ್ನ ಮುಂದೆ ಹಿಡಿದಳು. ತಂಗಿ ಶಕುಂತಲಾ ಬರೆದ ಓಲೆ.

ಈ ಶಕುಂತಲಾ ನನಗೂ ಗೊತ್ತಿದ್ದವಳು. ಎಂಟು ವರ್ಷದ ಹಿಂದೆ, ಗಂಡ ತೀರಿಹೋದ ಮೂರನೇ ತಿಂಗಳಿಗೆ ಹೆತ್ತಳು. ನಲವತ್ತು ದಿನದ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ಹೇಳದೆ ಕೇಳದೆ ಊರ ಹೆಬ್ಬಾಗಿಲಾದ ಅಗಸಿ ದಾಟಿ ಹೊರಟುಹೋದಳು. ಎಲ್ಲೋ ದೂರದ ಆಸ್ಪತ್ರೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಳೆ ಎಂಬ ಸುದ್ದಿ ಇತ್ತು. ಕೂಸಿಗೆ ಹೆಸರಿಟ್ಟವಳು ಹೊನ್ನವ್ವ, ನಡೆಯಲು ಕಲಿಸಿದವಳು ಹೊನ್ನವ್ವ. ಅದು ಅವ್ವ ಅನ್ನುವುದೂ ಅವಳಿಗೇ.

ಓಲೆಯಲ್ಲಿ ಹೀಗಿತ್ತು: “ಅಕ್ಕಾ, ಗುರುವಾರ ಬರತೀನಿ. ಕುಸುಮಾನ್ನ ಕರಕೊಂಡು ಹೋಗಬೇಕಂತ ಬರತೀನಿ. ನಾ ಊರು ಬಿಟ್ಟ ದಿನ ನಿನಗೊಂದು ಓಲಿ ಬರದಿದ್ದೆ. ಅದರಾಗ ಕೂಸಿನ ಬಗ್ಗೆ ಏನು ಬರದಿದ್ನೋ ನನಗೂ ನೆನಪಿಲ್ಲ, ನಿನಗೂ ಇರಲಿಕ್ಕಿಲ್ಲ. ಅದನ್ನ ತಗಸು. ಅದರಾಗ ಹೆಂಗೈತೋ ಹಂಗ ಆಗಲಿ. ನಾ ಅದಕ್ಕ ಬದ್ಧ. ನೀನೂ ಬದ್ಧ ಇರಬೇಕು.”

“ನಿನಗ ಕೊಟ್ಟೀನಿ ಅಂತ ಬರದಿದ್ದರ ಕೂಸು ನನ್ನದು” ಎಂದಳು ಹೊನ್ನವ್ವ. “ನಾ ಬರೋತನಕ ನೋಡಕೋ ಅಂತ ಬರದಿದ್ದರ…” ಕೌದಿಗೆ ಚುಚ್ಚಿದ್ದ ಸೂಜಿಯನ್ನು ತೆಗೆದು ಮತ್ತೆ ಅಲ್ಲೇ ಚುಚ್ಚಿದಳು.

“ಶಬ್ದ ಹೇಳು.”

ಅವಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು. ಬಾಗಿಲು.

ನನಗೆ ನಗು ಬಂತು. ಬರಬಾರದಿತ್ತು, ಬಂತು. ಗೋಡೆಯ ಹಲಗೆ ತೋರಿಸಿದೆ. ಅದರಲ್ಲಿ ಬಾಗಿಲು ಹದಿನೇಳನೆಯ ಶಬ್ದ. “ಜನ ಗುಬ್ಬಿ ಅಂತ ಇಡತಾರ, ಗೋರಂಟಿ ಅಂತ ಇಡತಾರ. ಈ ಊರಾಗ ಬಾಗಿಲು ಅಂತ ಯಾರಾದರೂ ಇಡತಾರೇನವಾ? ಹಲಗಿ ಓದಿಲ್ಲೇನು?”

“ಮಡಿಲಾಗ ನಲವತ್ತು ದಿನದ ಕೂಸು ಅಳಾಕಹತ್ತಿತ್ರಿ. ಹಲಗಿ ನೆನಸೂ ಹೊತ್ತಿತ್ತೇನು?”

ಅವಳ ಸಮಾಧಾನಕ್ಕೆ ಒತ್ತಿ ತೋರಿಸಿದೆ. ಗೆರೆ ಕೆಳಗಿನ ಸಾಲಿಗೆ ಇಳಿದು ಮಿಣುಕಿತು.

“ಇಲ್ಲವಾ.”

ಹೊನ್ನವ್ವ ಪರದೆಯನ್ನೇ ನೋಡಿದಳು. “ಬಾಗಿಲು ಅನ್ನೋ ಶಬ್ದ ಇಡೀ ಊರಿನ ಓಲ್ಯಾಗ ಒಂದೂ ಇಲ್ಲೇನ್ರಿ?”

“ಅದಾವು. ಬೇಕಾದಷ್ಟು ಅದಾವು. ಹುಡುಕಿದರ ಸಿಗಂಗಿಲ್ಲ.”

“ಇದ್ದದ್ದು ಸಿಗದಂಗ ಮಾಡಿದವರು ಯಾರ್ರಿ?”

ಗಾಳಿಗೆ ಹಲಗೆ ಗೋಡೆಯನ್ನು ಟಕ ಟಕ ಬಡಿಯುತ್ತಿತ್ತು. ನಾನು ಎದ್ದು ಅದನ್ನು ಹಿಡಿದು ನಿಲ್ಲಿಸಿದೆ. ತಿರುಗಿ ನೋಡುವಷ್ಟರಲ್ಲಿ ಅವಳು ಮಗುವಿನ ಕೈ ಹಿಡಿದು ಬೀದಿ ದಾಟುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಬಸಲಿಂಗವ್ವ ಬಂದಳು. ರೊಟ್ಟಿ ಖಾನಾವಳಿ ನಡೆಸುವ ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವಳು. ಹೊನ್ನವ್ವನ ಶಬ್ದವನ್ನು ಕಾದವಳು ಅವಳೇ. ಕೈಗೆ ಮೆತ್ತಿದ ಜೋಳದ ಹಿಟ್ಟನ್ನೂ ತೊಳೆದಿರಲಿಲ್ಲ.

“ಏನಪಾ ಗುರುಪಾದಾ, ಶಾಲು ಹೊದ್ದ ಶಾಣ್ಯಾ! ಎಂಟು ವರ್ಷ ಆ ಒಂದು ಶಬ್ದ ಬಾಯಾಗ ಇಟಗೊಂಡು ರೊಟ್ಟಿ ಬಡದೀನಿ. ಜ್ವರ ಬಂದು ಮಲಗಿದಾಗೂ ಮೊದಲು ಅದನ್ನ ಅಂದು ನೋಡಕೊಂಡೀನಿ. ಈಗ ನಡಿಯಂಗಿಲ್ಲ ಅಂತೀಯೇನು?”

“ಹಲಗಿ ಮ್ಯಾಲ ಬರದೀನಲ್ಲ ಅಕ್ಕಾ.”

“ನನಗ ಓದಾಕ ಬರತೈತೇನು? ಏನೇನು ಬರದೀ, ಓದು ಕೇಳೂಣು.”

ನಾನು ಓದಿದೆ. ಗಾಳಿ. ಊಟ. ಅವ್ವ. ಆರಾಮ. ಬಾ. ನಾಳೆ. ಇನ್ನೂ. ಮನೆ. ನೀರು. ನಿದ್ದೆ. ಹೋಗಿಬರ್ತೀನಿ. ಬಾಗಿಲು. ಮೊದಮೊದಲು ಗಟ್ಟಿಯಾಗಿ ಓದುತ್ತಿದ್ದೆ, ಬರುಬರುತ್ತಾ ನನ್ನ ದನಿ ನನಗೇ ಕೇಳದಷ್ಟಾಯಿತು. ನಲವತ್ತೊಂದೂ ಮುಗಿಯುವವರೆಗೆ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಇಷ್ಟೂ ತಗದರ, ಮತ್ತ ಊರಾಗ ಉಳಿದದ್ದೇನಪಾ?” ಎಂದಳು.

ಅವಳು ಹೋದ ಮೇಲೆ ದೀಪದ ಮುಂದೆ ಕೂತೆ. ಜಪದ ಮಣಿ ಬೆರಳಿನಲ್ಲಿ ಓಡಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಹಲಗೆ ತೋರಿಸಿ ವಾಪಸು ಕಳಿಸಿದವರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವ್ವ ಎಂಬ ಶಬ್ದ ತಂದ ಕಮ್ಮಾರ ಬಂದ. ಬಾ ಎಂಬ ಶಬ್ದ ಹಿಡಿದುಕೊಂಡು ಮೂರು ಸಲ ಬಂದ ಅಗಸರ ಹೆಂಗಸು ಬಂದಳು. ಅವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ತಪ್ಪು ನಿಮ್ಮದು. ಅವರು ಹೌದು ಎಂದು ತಲೆ ಬಗ್ಗಿಸಿ ಹೋಗಿದ್ದರು.

ಎದ್ದು ಯಂತ್ರದ ಮುಂದೆ ಕೂತೆ. ಪಟ್ಟಿಯ ನಲವತ್ತೊಂದು ಶಬ್ದಗಳನ್ನೂ ಅಳಿಸಿದೆ. ಮೊದಲಿನಿಂದ ಓದು ಎಂದು ಅಪ್ಪಣೆ ಒತ್ತಿದೆ. ಪರದೆಯ ಮೂಲೆಯಲ್ಲಿ ಸಂಖ್ಯೆ ಹುಟ್ಟಿತು. ಒಂದು, ಎರಡು, ಮೂರು. ಅದು ಆರು ಲಕ್ಷ ಮುಟ್ಟಬೇಕು. ಸೋಮವಾರ ಹೊತ್ತು ಇಳಿಯುವಾಗ ಹಚ್ಚಿದ್ದು, ಮೂರು ದಿನ ಎಂದರೂ ಗುರುವಾರ ಸಂಜೆಯೇ. ಅಲ್ಲಿಯವರೆಗೆ ಯಾವ ಹುಡುಕಾಟವೂ ನಡೆಯುವುದಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಗಾಳಿ ಕಿತ್ತುಕೊಂಡು ಹೋಯಿತು. ಮತ್ತೆ ಅಂಟಿಸಿದೆ.

ಮಂಗಳವಾರ ಜನ ಬಂದು ಬಂದು ಬೈದರು. ಫಕೀರಪ್ಪ ಕತ್ತರಿ ಸಮೇತ ಬಂದ. “ನಾಳೆ ನನ್ನ ಮಗಳ ಮಾತುಕತಿ ಐತ್ರಿ. ಹ್ವಾದ ವರ್ಷ ಬೀಗರು ಏನು ಬರದಿದ್ದರು ಅಂತ ನೋಡಬೇಕು.”

“ಬೀಗರನ್ನೇ ಕೇಳೋ.”

“ಅವರಿಗೂ ನೆನಪಿಲ್ಲಲ್ರಿ!”

“ಇಬ್ಬರಿಗೂ ನೆನಪಿಲ್ಲಂದರ ಹೊಸದಾಗಿ ಮಾತಾಡಿಕೊಳ್ರಿ. ಲಗ್ನ ಚಲೋ ಆಗತೈತಿ.”

ಅವನು ನಗಲೂ ಇಲ್ಲ, ಹೋಗಲೂ ಇಲ್ಲ. ಸ್ವಲ್ಪ ಹೊತ್ತು ಸಂಖ್ಯೆ ಏರುವುದನ್ನು ನೋಡುತ್ತಾ ನಿಂತು, ಆಮೇಲೆ, “ಯಾರಿಗಾಗಿ ಇದೆಲ್ಲ?” ಎಂದ. ಹೇಳಿದೆ. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹೋದ. ಅವನು ಹೋದ ಮೇಲೆ ಬೈಯುವವರು ಬರಲಿಲ್ಲ.

ಹೊನ್ನವ್ವ ಮಾತ್ರ ಗಳಿಗೆಗೊಮ್ಮೆ ಬರುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಕೌದಿಗೆ ನಾಲ್ಕು ಹೊಲಿಗೆ ಹಾಕುವಳು, ಎರಡು ಬಿಚ್ಚುವಳು. “ಎಷ್ಟಾತ್ರಿ ಕಾಕಾರ?” ಕೇಳುವಳು. ಎರಡು ಲಕ್ಷ ಎಂದರೆ ಎದ್ದು ಮನೆಗೆ ಓಡುವಳು. ಒಲೆಯ ಮೇಲೆ ಇಟ್ಟದ್ದನ್ನು ಇಳಿಸಿ ಮತ್ತೆ ಬರುವಳು. ಕೌದಿ ಕುಸುಮಿಗೆ ಎಂದು ಹೊಲಿಯುತ್ತಿದ್ದದ್ದು. ಅದರಲ್ಲಿದ್ದ ಹಸಿರು ತುಂಡುಗಳೆಲ್ಲ ಶಕುಂತಲಾ ಬಿಟ್ಟುಹೋದ ಸೀರೆಯವು. ಒಂದು ಸಲ ದಾರ ಕಡಿಯುತ್ತಾ, ನನ್ನ ಕಡೆ ನೋಡದೆ, “ಸಿಗದಿದ್ದರ ಚಲೋನೇನೋ” ಎಂದಳು. ಸೂಜಿಗೆ ಹೊಸ ದಾರ ಪೋಣಿಸಿದಳು. ಮತ್ತೆ ಅವಳೇ, “ಸಿಗಲಿ. ಸಿಗದಿದ್ದರ ಆಕಿ ಮುಖ ನೋಡಿದಾಗೆಲ್ಲ ಕದ್ದಂಗ ಅನಸತೈತಿ” ಎಂದಳು.

ಬುಧವಾರ ಹೊತ್ತು ಮುಳುಗುವಾಗ ಗಾಳಿ ನಿಂತಿತು.

ನನ್ನ ಅರವತ್ತು ವರ್ಷದಲ್ಲಿ ಎರಡು ಸಲವೋ ಮೂರು ಸಲವೋ ಹೀಗಾಗಿದ್ದೀತು. ಓಲೆಮನೆಯ ಮಾಳಿಗೆಯ ಮೇಲೆ ಗಾಳಿಚಕ್ರವಿದೆ, ಯಂತ್ರಕ್ಕೆ ಅದರದೇ ಕರೆಂಟು. ಚಕ್ರ ನಿಂತಿತು, ಪರದೆ ಮಬ್ಬಾಯಿತು, ಸಂಖ್ಯೆ ನಾಲ್ಕು ಲಕ್ಷದ ಮೇಲೆ ಎಲ್ಲೋ ನಿಂತುಹೋಯಿತು. ಬೀದಿಯಲ್ಲಿ ಜನ ಹೊರಬಂದು ಆಕಾಶ ನೋಡಿದರು. ಬಡಿದುಕೊಳ್ಳದ ಬಾಗಿಲುಗಳನ್ನು ಕೈಯಿಂದ ತಳ್ಳಿ ನೋಡಿದರು. ನಾಯಿಗಳು ಬೊಗಳಲಿಲ್ಲ. ಸದಾ ಅಲುಗುತ್ತಿದ್ದವರಿಗೆ ಅಲುಗದ ಗಳಿಗೆ ಸಹಿಸಲಾಗದು. ಕೆಲವರು ಸುಮ್ಮನೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು. ನಾನು ಮೊದಲು ಗಾಳಿ ಬರಲಿ ಎಂದು ಬೇಡಿಕೊಂಡೆ. ಆಮೇಲೆ ಬೇಡುವುದನ್ನು ಬಿಟ್ಟೆ. ಅವನ ಉಸಿರು, ಅವನು ಬಿಟ್ಟಾಗ ಬಿಟ್ಟಾನು.

ಗುರುವಾರ ಬೆಳಿಗ್ಗೆ ದೀಪದ ಕುಡಿ ಒಂದು ಕಡೆ ವಾಲಿತು. ಎಳೆ ಗಾಳಿ, ನಿಧಾನದ್ದು. ಚಕ್ರ ಕಿರ್ ಎಂದು ತಿರುಗಿತು, ಸಂಖ್ಯೆ ಮುಂದಕ್ಕೆ ತೆವಳಿತು. ಇನ್ನೂ ಒಂದೂವರೆ ಲಕ್ಷ ಬಾಕಿ ಇರುವಾಗಲೇ ಹನ್ನೆರಡರ ಬಸ್ಸು ಬಂತು, ಶಕುಂತಲಾ ಇಳಿದಳು.

ಅಕ್ಕನ ಮನೆಗೆ ಹೋಗದೆ ನೇರ ಓಲೆಮನೆಗೇ ಬಂದಳು. ಸೊರಗಿದ ಮುಖ, ಕಿವಿಯ ಪಕ್ಕ ನರೆ, ಹೆಗಲಲ್ಲಿ ಬಟ್ಟೆಯ ಚೀಲ. ಹೊನ್ನವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಏಳಲಿಲ್ಲ, ಸೂಜಿ ನಿಂತಿತು.

“ಊಟ ಮಾಡೀ ಏನು?” ಎಂದಳು ಹೊನ್ನವ್ವ.

“ಬಸ್ಸಿನಾಗ ಏನೋ ತಿಂದೆ.”

“ಏನೋ ಅಂದರ?”

“ಬಿಸ್ಕೀಟು.”

“ಬಿಸ್ಕೀಟು ಊಟ ಏನು?”

ಕಲ್ಲಿನ ಮೇಲೆ ಕೂತಿದ್ದ ಕುಸುಮಿ ಇಬ್ಬರನ್ನೂ ನೋಡುತ್ತಿತ್ತು. ಶಕುಂತಲಾ ಅದರ ಕಡೆ ನೋಡಿದವಳು ನೋಟ ಕೀಳಲಿಲ್ಲ, ಹತ್ತಿರವೂ ಹೋಗಲಿಲ್ಲ. “ನೀನಾ ಚಿಕ್ಕವ್ವ?” ಎಂದು ಹುಡುಗಿಯೇ ಕೇಳಿತು. “ಫೋನಿನ ಫೋಟೋದಾಗ ದಪ್ಪ ಕಾಣತಿದ್ದಿ.” ಶಕುಂತಲಾ ನಕ್ಕಳು, ನಗು ಅರ್ಧಕ್ಕೆ ನಿಂತಿತು.

ಅಕ್ಕ ತಂಗಿ ಒಳಗೆ ಬಂದು ಚಾಪೆಯ ಎರಡು ತುದಿಗೆ ಕೂತರು. ಹೊರಗೆ ತಡೆದಿಟ್ಟಿದ್ದ ಗಾಳಿಯೆಲ್ಲ ಒಮ್ಮೆಗೇ ನುಗ್ಗಿತು, ಚಕ್ರ ಎಂದಿಲ್ಲದ ವೇಗಕ್ಕೆ ತಿರುಗಿ ಸಂಖ್ಯೆ ಓಡತೊಡಗಿತು. ಹೊನ್ನವ್ವ ಹೊಲಿದಳು, ಶಕುಂತಲಾ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಕೂಸಿಗೆ ಕಾಲನೋವು ಬರತಿತ್ತಂತ ಬರದಿದ್ದಿಯಲ್ಲ, ಹೋತೇನು?” ಎಂದಳು ಶಕುಂತಲಾ.

“ಎರಡು ವರ್ಷಾತು ಹೋಗಿ. ಬೆಳಿಯೋ ನೋವು ಅದು.”

ಒಂದು ದಾರ ಹೊಲಿದು ಮುಗಿಸಿ ಹೊನ್ನವ್ವ ಕೇಳಿದಳು, “ಎಂಟು ವರ್ಷದ ಮ್ಯಾಲ ಯಾಕ ಬಂದಿ?”

“ಅಲ್ಲಿ ದಿನಾ ಇನ್ನೂರು ಮಂದಿಗೆ ಅಡಗಿ ಮಾಡತೀನಿ. ನೀಡಿದ ಮ್ಯಾಲ ಯಾರೂ ನನ್ನ ಬಾ ಅನ್ನಂಗಿಲ್ಲ.” ಶಕುಂತಲಾ ಚೀಲದ ಬಾಯಿ ಬಿಚ್ಚಿ ತೋರಿಸಿದಳು. “ಹೊಸಾ ಫ್ರಾಕು ತಂದೀನಿ. ಅಳತಿ ಗೊತ್ತಿರಲಿಲ್ಲ. ಅಂಗಡ್ಯಾಗ ಎಂಟು ವರ್ಷದ ಕೂಸಂದೆ, ಎತ್ತರ ಎಷ್ಟಂದ, ಹೇಳಾಕ ಆಗಲಿಲ್ಲ.”

ಹೊನ್ನವ್ವ ತನ್ನ ಎದೆಯ ಮಟ್ಟಕ್ಕೆ ಕೈ ಇಟ್ಟು ತೋರಿಸಿದಳು. ತೋರಿಸಿದವಳು ಕೈಯನ್ನು ಅಲ್ಲೇ ಮರೆತುಬಿಟ್ಟಳು.

ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತಿದಾಗ ಸಂಖ್ಯೆ ನಿಂತಿತು. ಗೆರೆ ಮಿಣುಕಿತು. ನಾನು ಕೈ ಮುಗಿದು, ‘ಹುಡುಕು ಬಾಗಿಲು’ ಎಂದು ಒತ್ತಿದೆ. ತೊಂಬತ್ತು ಸಾವಿರ ಓಲೆಗಳು ಬಂದವು. ಪರದೆಯ ಮೇಲೆ ಸಾಲುಗಳು ಹೊಳೆಯ ಹಾಗೆ ಹರಿದವು. ಹೊನ್ನವ್ವ ಕಣ್ಣು ಮುಚ್ಚಿಕೊಂಡಳು. ಹಲಗೆ ಬರೆಸಿದವನಿಗೆ ಒಂದು ಗಳಿಗೆ, ನಾನು ಹೇಳಿದ್ದೇ ಸರಿ ಎಂಬ ಯೋಚನೆ ಬಂತು ಎಂಬುದನ್ನೂ ಮುಚ್ಚಿಡುವುದಿಲ್ಲ.

“ನಿನ್ನ ಶಬ್ದ ಏನವಾ?” ಎಂದು ಶಕುಂತಲಾಳನ್ನು ಕೇಳಿದೆ. ಬರೆದವಳೂ ಒಂದು ಇಟ್ಟಿರಬೇಕಲ್ಲ. ಅವಳ ಜೊತೆ ಅಡುಗೆ ಮಾಡುವ ಹೆಂಗಸು ಅದನ್ನು ಕಾದಿದ್ದಳಂತೆ. ಶಕುಂತಲಾ ಬಗ್ಗಿ ಕಿವಿಯಲ್ಲಿ ಹೇಳಿದಳು. ಹಾಲು.

ಎರಡನ್ನೂ ಸೇರಿಸಿ ಒತ್ತಿದೆ. ಎರಡು ಸಾವಿರವಾಯಿತು. ಎರಡು ಶಬ್ದಗಳ ನಡುವೆ ಹತ್ತು ಶಬ್ದಕ್ಕಿಂತ ಹೆಚ್ಚು ದೂರ ಇರಬಾರದು ಎಂದು ಅಪ್ಪಣೆ ಬದಲಿಸಿದೆ. ಒಂಬತ್ತು ಉಳಿದವು. ಒಂದೊಂದರ ಮೊದಲ ಸಾಲು ಓದುತ್ತಾ ಹೋದೆ. ಆರನೆಯದು, “ಅಕ್ಕಾ, ನಾ ಅಗಸಿ ದಾಟೀನಿ.”

ನಾನು ಓಲೆ ತೆರೆದು, ಪರದೆಯ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಒತ್ತಿ, ಗಟ್ಟಿಯಾಗಿ ಓದಿದೆ.

“ಅಕ್ಕಾ, ನಾ ಅಗಸಿ ದಾಟೀನಿ. ತಿರುಗಿ ನೋಡಿಲ್ಲ, ನೋಡಿದ್ದರ ಹೋಗತಿರಲಿಲ್ಲ. ಕೂಸಿನ ಮುಖದಾಗ ನನಗ ಅವನ ಮುಖಾನ ಕಾಣತೈತಿ. ಎದಿಗೆ ಹಚ್ಚಿಕೊಂಡರ ಕೈ ನಡಗತಾವು. ನಾ ಹಿಂಗ ಇದ್ದರ ಅದು ಉಳಿಯಂಗಿಲ್ಲ, ನಿನ್ನ ಹಂತ್ಯಾಕ ಉಳಿತೈತಿ. ಆಕಳ ಹಾಲು ಕಾಸಿ ಆರಿಸಿ ಕುಡಿಸು. ಬಾಗಿಲು ಬಡಕೊಳ್ಳದಂಗ ಕಲ್ಲು ಇಡು, ಸಪ್ಪಳಕ್ಕ ಎದ್ದುಬಿಡತೈತಿ. ಒಂದಿಲ್ಲೊಂದು ದಿನ ನನಗ ಬುದ್ಧಿ ಬರತೈತಿ. ಅವತ್ತು ನಾ ನಿನ್ನ ಮನಿಗೆ ಬಂದು ನನ್ನ ಕೂಸು ಕೊಡು ಅಂತ ನಿಲ್ಲತೀನಿ. ಅವತ್ತು ನೀ…”

ಅಲ್ಲಿಗೆ ನನ್ನ ಹೆಬ್ಬೆರಳಿನ ಅಂಚು. ಮುಂದಿನದೆಲ್ಲ ಅದರ ಕೆಳಗೆ ಇತ್ತು.

ಹೊರಗೆ ಕುಸುಮಿ ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು ಏನೋ ಎಣಿಸುತ್ತಿತ್ತು.

“ಇದನ್ನ ಓದಿ ಎದ್ದರ ಮತ್ತ ಎಲ್ಲಾ ಮರಿತೈತ್ರವಾ” ಎಂದೆ. “ಓದದಿದ್ದರ ಗೊತ್ತಾಗಂಗಿಲ್ಲ.”

“ಎದ್ದ ಮ್ಯಾಲ ತಾನ ಮರಿಯೋದು?” ಎಂದಳು ಹೊನ್ನವ್ವ. “ಕುಂತಾಗ ನೆನಪಿರತೈತಿ. ಕೈ ತಗೀರಿ ಕಾಕಾರ.”

ಶಕುಂತಲಾಳನ್ನು ನೋಡಿದೆ. ಅವಳು ಚೀಲವನ್ನು ಎದೆಗೆ ಅವುಚಿಕೊಂಡು, ಹೂಂ ಎಂದಳು. ಓಲೆಮನೆಯವನು ಬೇರೆಯವರ ಕೊನೆಯ ಸಾಲು ನೋಡುವಂತಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳು ತೆಗೆದೆ.

ಕತ್ತಲೆಯಲ್ಲಿ ಮೊದಲು ಚಕ್ರದ ಸದ್ದು ಕೇಳಿತು. ಆಮೇಲೆ ಶಕುಂತಲಾಳ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ನನಗೆ ತಿಳಿಯಲಿಲ್ಲ. ಚಾಪೆ ಸರ್ರೆಂದಿತು, ಯಾರೋ ಯಾರ ಕಡೆಗೋ ಸರಿದರು. ಎಷ್ಟೋ ಹೊತ್ತು ಮೂಗು ಸೀಟುವುದು ಬಿಟ್ಟು ಬೇರೇನಿಲ್ಲ. ಕೊನೆಗೆ ಹೊನ್ನವ್ವನ ಮಾತು.

“ಚೀಲ ಇಲ್ಲಿ ಕೊಡು.”

“ಯಾಕ?”

“ಕೊಡಬೇ. ಎದ್ದರ ಮರಿತೀವಿ. ಏಳೂದರಾಗ ಕೊಡು.”

ಬಟ್ಟೆ ಸರಿದ ಸದ್ದು. ದಾರ ಎಳೆದ ಸದ್ದು, ಒಂದಾದ ಮೇಲೊಂದು, ಬಿರುಸಾಗಿ. ಹಲ್ಲಿನಿಂದ ದಾರ ಕಡಿದದ್ದೂ ಕೇಳಿತು. “ಹೂಂ, ಏಳು” ಎಂದಳು ಹೊನ್ನವ್ವ.

ಅವರು ಎದ್ದ ಸಪ್ಪಳವಾದ ಮೇಲೆ, ಕೈಯಿಂದ ಪರದೆ ಮುಚ್ಚಿ ಕಣ್ಣು ತೆಗೆದೆ. ಇಬ್ಬರ ಮುಖವೂ ಈಗಷ್ಟೇ ತೊಳೆದಿಟ್ಟ ತಾಟಿನ ಹಾಗಿತ್ತು. ಕಣ್ಣೀರು ಇತ್ತು, ಅದು ಯಾಕೆ ಬಂತೆಂದು ಅವರಿಗೆ ತಿಳಿಯದು. ಶಕುಂತಲಾ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಲು ಎತ್ತಿದಳು. ಚೀಲದ ಜೊತೆ ಇಡೀ ಕೌದಿ ಎದ್ದು ಬಂತು. ಹಿಡಿಕೆಯನ್ನು ಹಸಿರು ತುಂಡಿನ ಅಂಚಿಗೆ ಹತ್ತಾರು ಹೊಲಿಗೆ ಹಾಕಿ ಬಿಗಿದಿತ್ತು.

“ಅಕ್ಕಾ, ನನ್ನ ಚೀಲಾನ ನಿನ್ನ ಕೌದಿಗೆ ಯಾಕ ಹೊಲದೀಬೇ?”

ಹೊನ್ನವ್ವ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಕೌದಿ ಹೊಲಿಯುವವರಿಗೆ ತಮ್ಮ ಹೊಲಿಗೆ ಗೊತ್ತಾಗದೆ ಇರುವುದಿಲ್ಲ. “ನನಗೂ ಗೊತ್ತಿಲ್ಲವಾ. ಹೊಲಿಗಿ ನಂದ ಐತಿ. ಬಿಚ್ಚಾಕ ಬರಬಾರದಂತ ಹಾಕೀನಿ.”

“ನಾ ಬ್ಯಾಡ ಅಂದಿಲ್ಲೇನು?”

“ಅಂದಿದ್ದರ ಇಷ್ಟು ನೆಟ್ಟಗ ಬರತಿರಲಿಲ್ಲ. ಹೊಲಿಯಾಕ ಚೀಲ ಹಿಡದು ಕುಂತಿದ್ದಿ ನೀ.”

ಐದರ ಬಸ್ಸು ಅಗಸಿಯ ಹತ್ತಿರ ಹಾರ್ನು ಹೊಡೆಯಿತು. ಕುಸುಮಿ ಓಡಿ ಬಂದಿತು. “ಅವ್ವಾ, ಬಸ್ಸು ಬಂತು. ಚಿಕ್ಕವ್ವ ಹೋಗತಾಳೇನು? ನಾನೂ ಹೋಗಬೇಕೇನು?” ಎಂದಿತು. ಹುಡುಗಿಗೆ ಎಲ್ಲ ಗೊತ್ತಿತ್ತು. ಮೂರು ದಿನ ಕಲ್ಲಿನ ಮೇಲೆ ಸುಮ್ಮನೆ ಕೂತಿರಲಿಲ್ಲ.

ಶಕುಂತಲಾ ಬಸ್ಸಿನ ಕಡೆ ನೋಡಿದಳು, ಹೊಲಿಗೆಯ ಕಡೆ ನೋಡಿದಳು. ಎಂಟು ವರ್ಷದ ಹಿಂದೆ ಅಗಸಿ ದಾಟಿದವಳ ಕಾಲುಗಳು ಮೆಟ್ಟಿಲ ಮೇಲೆ ಕದಲದೆ ನಿಂತವು.

“ಹೆಂಗ ಹೋಗಲವಾ, ನಿಮ್ಮವ್ವ ಹೊಲದು ಹಾಕ್ಯಾಳ” ಎಂದಳು.

“ಮನಿಗೆ ನಡೀರಿ” ಎಂದಳು ಹೊನ್ನವ್ವ. “ಬಿಸ್ಕೀಟು ತಿಂದು ಬಂದಾಳ.” ಕೌದಿಯ ಒಂದು ಕೊನೆ ಅವಳು ಹಿಡಿದಳು, ಚೀಲದ ಕಡೆಯದನ್ನು ಶಕುಂತಲಾ ಹಿಡಿದಳು. ಗಾಳಿಗೆ ಕೌದಿ ನಡುವೆ ಉಬ್ಬಿತು. ಹುಡುಗಿ ಅದರ ಕೆಳಗೆ ನುಸುಳಿ ನಡೆಯಿತು.

ಆ ಹೊಲಿಗೆಯನ್ನು ಇನ್ನೂ ಯಾರೂ ಬಿಚ್ಚಿಲ್ಲ. ಕುಸುಮಿ ಹೊದೆಯುವ ಕೌದಿಗೆ ಇವತ್ತಿಗೂ ಒಂದು ಚೀಲ ಜೋತುಬಿದ್ದಿದೆ. ಶಕುಂತಲಾ ಬಸಲಿಂಗವ್ವನ ಜೊತೆ ರೊಟ್ಟಿ ಬಡಿಯುತ್ತಾಳೆ. ಉಂಡು ಎದ್ದವರೆಲ್ಲ, ನಾಳೆ ಬರತೀವಿ ಎಂದು ಅವಳಿಗೆ ಹೇಳಿ ಹೋಗುತ್ತಾರೆ. ಹಲಗೆಯನ್ನು ನಾನು ಗೋಡೆಯಿಂದ ಇಳಿಸಿ, ಓಲೆಮನೆಯ ಬಾಗಿಲಿಗೆ ಒರಗಿಸಿದ್ದೇನೆ, ಕಲ್ಲಿನ ಬದಲು ಅದೇ ಬಾಗಿಲು ಹಿಡಿಯುತ್ತದೆ. ಪದಸೂಚಿಗೆ ಈಗ ಮತ್ತೆ ಮೂರು ದಿನ ಬೇಕು. ಅಗಸರ ಹೆಂಗಸಿನ ಮನೆಗೆ ನಾನೇ ಹೋಗಿ ಕರೆದೆ. ಅವಳು ಬಾ ಎಂಬ ಶಬ್ದವನ್ನು ಇನ್ನೂ ಇಟ್ಟುಕೊಂಡಿದ್ದಳು. ಹುಡುಕುವುದಕ್ಕೆ ಇಬ್ಬರೂ ಹನ್ನೊಂದು ದಿನ ಕೂತೆವು.

ಓಲೆಮನೆಯವನು ಓದಿದ್ದನ್ನು ಹೊರಗೆ ಆಡಬಾರದು. ಆಡುತ್ತಿದ್ದೇನೆ, ಅದಕ್ಕೇ ಊರಿನ ಹೆಸರು ಹೇಳಿಲ್ಲ. ಕೊನೆಯ ಸಾಲು ಕಾಣದವನಾದ್ದರಿಂದ ನನಗೆ ಉಳಿದದ್ದು ಮರೆತಿಲ್ಲ. ಆ ಓಲೆ ಯಂತ್ರದಲ್ಲಿದೆ. ಕರೆಯುವ ಎರಡು ಶಬ್ದವೂ ನನಗೆ ಗೊತ್ತು. ಕೆಲವು ಸಂಜೆ ತೆರೆದು, ‘ಅವತ್ತು ನೀ’ ಎಂಬಲ್ಲಿಯವರೆಗೆ ಓದುತ್ತೇನೆ. ಹೆಬ್ಬೆರಳು ಅದರ ಮೇಲೇ ಇರುತ್ತದೆ. ಬೀದಿಯ ಆಚೆ ಹೊನ್ನವ್ವನ ಮನೆಯ ಬಾಗಿಲು ಕಾಣುತ್ತದೆ. ಹುಡುಗಿ ಅದಕ್ಕೆ ಕಲ್ಲು ಇಡುವುದನ್ನು ಮರೆತಿರುತ್ತದೆ. ಬಾಗಿಲು ಬಡಿದುಕೊಳ್ಳುತ್ತದೆ, ಒಳಗಿನಿಂದ ಇಬ್ಬರು ಹೆಂಗಸರು ಒಟ್ಟಿಗೇ ಬೈಯುವುದು ಕೇಳುತ್ತದೆ. ನಾನು ಯಂತ್ರ ಮುಚ್ಚಿ ದೀಪ ಹಚ್ಚಲು ಏಳುತ್ತೇನೆ.